ಸಣ್ಣ ಶಾಲೆ ಕಟ್ಟಲು ಹೊರಟ ಮಗಳಿಗೆ

ಮಗಳೇ, ನೀನೂ ನಿನ್ನ ಗೆಳತಿಯರೂ ಸೇರಿ ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು ಸಣ್ಣ ಶಾಲೆ ತೆರೆಯಬೇಕೆಂದಿದ್ದೀರಂತೆ. ಓದು ಬರಹ ಹತ್ತದ ಮಕ್ಕಳನ್ನೇ ಕೂರಿಸಿಕೊಂಡು ಕಲಿಸಬೇಕೆಂಬ ಆಸೆಯಂತೆ. ನಿನ್ನಪ್ಪ ಹೇಳಿದ, ಕೇಳಿ ಮನಸ್ಸು ತುಂಬಿತು. ಈ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಬಹಳ ವರ್ಷ ಸೀಮೆಸುಣ್ಣ ಹಿಡಿದವನು ನಾನು. "ಇವನ ತಲಿಗೆ ಹತ್ತಂಗಿಲ್ಲ ಬಿಡ್ರಿ ಸಾರ್" ಎಂದು ಮಗುವಿನ ಎದುರಿಗೇ ಹೇಳಿ, ಮುಂದಿನ ವಾರದಿಂದ ಅದನ್ನು ಹತ್ತಿ ಬಿಡಿಸಲು ಕರೆದೊಯ್ದ ಎಷ್ಟೋ ಮಂದಿ ತಂದೆತಾಯಿಯರನ್ನು ಕಂಡಿದ್ದೇನೆ. ಅಂಥ ಮಕ್ಕಳಿಗೆ ಯಾರಾದರೂ ಬಾಗಿಲು ತೆರೆಯುತ್ತೇನೆಂದರೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ನೀನು ಬಾಗಿಲು ತೆರೆಯುವ ಮುಂಚೆ ಕೆಲವು ಮಾತು ಹೇಳಲೇಬೇಕಾಗಿದೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಬಳಿ ಬರುವ ಯಾವ ಮಗುವಿನ ಹೆಸರನ್ನೂ ಅದರ ಊರಿನ ಸರ್ಕಾರಿ ಶಾಲೆಯ ದಾಖಲೆಯಿಂದ ತೆಗೆಸಬೇಡ. ಮಗು ಅಲ್ಲಿಯ ವಿದ್ಯಾರ್ಥಿಯಾಗಿಯೇ ಇರಲಿ. ಬೆಳಿಗ್ಗೆ ಎರಡು ತಾಸು, ಇಲ್ಲವೇ ಸಂಜೆ ಎರಡು ತಾಸು, ರಜೆಯಲ್ಲಿ ಇನ್ನಷ್ಟು ಹೊತ್ತು ನಿನ್ನ ಹತ್ತಿರ ಕಲಿಯಲಿ. ಎರಡು ಮೂರು ವರ್ಷ ಕಳೆದ ಮೇಲೆ ನಿನ್ನ ನೆರವಿಲ್ಲದೆಯೇ ಅದೇ ಶಾಲೆಯಲ್ಲಿ ಓರಗೆಯವರ ಜೊತೆ ಕೂತು ಓದುವಂತಾಗಲಿ. ಎಷ್ಟು ಮಕ್ಕಳು ಸೇರಿದರು ಎಂದು ಊರವರು ಕೇಳುತ್ತಾರೆ. ಎಷ್ಟು ಮಕ್ಕಳು ನಿನ್ನನ್ನು ಬಿಟ್ಟು ಹೋಗುವಷ್ಟು ಗಟ್ಟಿಯಾದರು ಎಂಬ ಲೆಕ್ಕ ನೀನು ಇಟ್ಟುಕೋ. ಮಾನ್ವಿ ಕಡೆ ನೆಲ್ಲಿನ ಸಸಿ ಮಡಿ ನೋಡಿದ್ದೀಯಲ್ಲ, ಮಡಿಯಲ್ಲೇ ಉಳಿದ ಸಸಿ ತೆನೆ ಕಟ್ಟುವುದಿಲ್ಲ. ಹೊತ್ತಿಗೆ ಸರಿಯಾಗಿ ಕಿತ್ತು ದೊಡ್ಡ ಗದ್ದೆಯಲ್ಲಿ ನೆಡಬೇಕು.

ಇದರಲ್ಲಿ ಕಾನೂನಿನ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಾನ್ಯತೆ ಪಡೆಯದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿಯವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10 ಸಾವಿರದವರೆಗೆ. ಅಂಗವಿಕಲ ಮಕ್ಕಳಿಗಾಗಿಯೇ ಸಂಸ್ಥೆ ನಡೆಸುವುದಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅದಕ್ಕೆ ಬೇರೆ ನೋಂದಣಿ ಬೇಕು. ನೀವು ಮೂವರು ಹುಡುಗಿಯರು, ಕೈಯಲ್ಲಿ ದುಡ್ಡು ಕಡಿಮೆ. ಮೊದಲ ದಿನವೇ 'ಶಾಲೆ' ಎಂದು ಬೋರ್ಡು ಹಾಕಿ ನೋಟಿಸು ಕೈಗೆ ತೆಗೆದುಕೊಳ್ಳುವುದಕ್ಕಿಂತ, ಒಂದು ಟ್ರಸ್ಟ್ ನೋಂದಾಯಿಸಿ, ಕಲಿಕಾ ಕೇಂದ್ರ ಎಂದು ಶುರುಮಾಡಿ. ಮಗುವಿನ ಹೆಸರು ಸರ್ಕಾರಿ ಶಾಲೆಯಲ್ಲಿದ್ದರೆ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತವೆ. ಬಡವರ ಮನೆಯಲ್ಲಿ ಆ ಊಟ ಸಣ್ಣ ಮಾತಲ್ಲ. ಹಸಿದ ಮಗು ಅಕ್ಷರ ನೋಡುವುದಿಲ್ಲ, ಗಡಿಯಾರ ನೋಡುತ್ತದೆ.

ನಿನಗಿಂತ ಮುಂಚೆ ಈ ದಾರಿಯಲ್ಲಿ ನಡೆದವರು ಇಲ್ಲೇ ಇದ್ದಾರೆ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ನೂರು ವರ್ಷದ ಹಿಂದೆ ನಿಜಾಮರ ಆಡಳಿತದಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆಯ ದಲಿತ ಹೆಣ್ಣುಮಕ್ಕಳು ದುಡಿಮೆಗೆ ಬಿದ್ದ ಮಕ್ಕಳಿಗಾಗಿ 'ಚಿಲಿಪಿಲಿ' ಎಂಬ ಶಾಲೆ ನಡೆಸಿದರು. ಹೊಲದಲ್ಲಿ ಕೂಲಿ ಮಾಡುವ ತಾಯಂದಿರೇ ನಿಂತು ಕಟ್ಟಿದ ಶಾಲೆ ಅದು. ದೇವದುರ್ಗ ತಾಲ್ಲೂಕಿನಲ್ಲಿ 'ಸಮೂಹ' ಸಂಸ್ಥೆ ಅಂಗವಿಕಲರ ಮನೆಬಾಗಿಲಿಗೇ ಹೋಗಿ ಕೆಲಸ ಮಾಡುವ ಕ್ರಮ ಹಾಕಿಕೊಟ್ಟಿತು. ಪೋತ್ನಾಳಕ್ಕೆ ಹೋಗು. ಆ ತಾಯಂದಿರ ಹತ್ತಿರ ಕೂತು ಮಾತಾಡು. ನೀನು ಬೆಂಗಳೂರಿನಲ್ಲಿ ಪಡೆದ ತರಬೇತಿಯಲ್ಲಿ ಕೇಳಿಸದ ವಿಷಯಗಳು ಅಲ್ಲಿ ಕಿವಿಗೆ ಬೀಳುತ್ತವೆ.

ಸಣ್ಣ ಶಾಲೆಯಿಂದ ದೊಡ್ಡ ಶಾಲೆಗೆ ಪಾಠ ಹರಿದು ಬಂದ ಕಥೆಯೊಂದು ನಮ್ಮ ರಾಜ್ಯದಲ್ಲೇ ಇದೆ, ಅದನ್ನು ಮರೆಯಬೇಡ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯ ನೀಲ್‌ಬಾಗ್‌ನಲ್ಲಿ ಹಳ್ಳಿ ಮಕ್ಕಳಿಗಾಗಿ ಪುಟ್ಟ ಶಾಲೆ ತೆರೆದರು. ಅಲ್ಲಿ ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಆ ಚಿಂತನೆ ಆಂಧ್ರದ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳಿಗೆ ಹಬ್ಬಿತು. ಅದನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳು 1995ರಲ್ಲಿ ತಮ್ಮ ಶಾಲೆಗಳಲ್ಲಿ 'ನಲಿಕಲಿ' ಶುರುಮಾಡಿದರು. 2009-10ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಬಂತು. ನಿಮ್ಮೂರ ಶಾಲೆಯಲ್ಲೂ ಅದರ ಕಲಿಕಾ ಕಾರ್ಡುಗಳಿವೆ. ಹಿಂದುಳಿದ ಮಗು ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದ ಇವತ್ತು ಮುಂದುವರಿಯಲಿ ಎಂಬುದೇ ಅದರ ಒಳಗುಟ್ಟು. ಒಬ್ಬ ಶಿಕ್ಷಕಿಗೆ ಮೂರು ತರಗತಿ ಕೊಟ್ಟು, ಮೇಲೆ ಹತ್ತು ರಿಜಿಸ್ಟರ್ ಹೊರಿಸಿದರೆ ಆ ಗುಟ್ಟು ಸತ್ತುಹೋಗುತ್ತದೆ. ಅದನ್ನು ಉಸಿರಾಡಿಸುವ ಕೆಲಸ ನಿನ್ನದು. ಆ ಶಿಕ್ಷಕಿಯನ್ನು ಬೈಯುವ ಕೆಲಸ ನಿನ್ನದಲ್ಲ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು.

ಓದಲು ಬಾರದ ಮಗುವೆಲ್ಲ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಮಗುವಲ್ಲ. ನಮ್ಮ ಸೀಮೆಯಲ್ಲಿ ಈ ಎಚ್ಚರ ಬೇರೆ ಕಡೆಗಿಂತ ಹೆಚ್ಚು ಬೇಕು. ದೇವದುರ್ಗದ ದೊಡ್ಡಿ, ತಾಂಡಾಗಳಿಂದ ದೀಪಾವಳಿ ಕಳೆದ ಮೇಲೆ ಕುಟುಂಬಗಳು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುತ್ತವೆ, ಮುಂಗಾರಿಗೆ ಮರಳುತ್ತವೆ. ವರ್ಷದ ಅರ್ಧ ಪಾಠ ಕೇಳದ ಮಗುವಿಗೆ ಕಾಗುಣಿತ ಬಾರದಿದ್ದರೆ ಅದು ಮಿದುಳಿನ ದೋಷ ಹೇಗಾದೀತು? ಇನ್ನೊಂದು ಮಗುವಿನ ಮನೆಮಾತು ಲಂಬಾಣಿ, ಮತ್ತೊಂದರದು ಉರ್ದು, ಗಡಿ ಹಳ್ಳಿಯ ಮಗುವಿನದು ತೆಲುಗು. ಕನ್ನಡವೇ ಮನೆಮಾತಾದರೂ ನಮ್ಮ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ದೂರವಿದೆ. ಮನೆಯಲ್ಲಿ 'ಸಾಲಿ' ಎಂದು ಆಡುವ ಮಗು 'ಶಾಲೆ' ಎಂದು ಬರೆದದ್ದನ್ನು 'ಸಾಲಿ' ಎಂದೇ ಓದಿದರೆ ಅದು ತಪ್ಪು ಓದಿದಂತಲ್ಲ. ಅರ್ಥ ಹಿಡಿದೇ ಓದಿದೆ. ಮಹಾಪ್ರಾಣವನ್ನು ನಾಲಗೆಯಲ್ಲಿ ಬೇರೆ ಮಾಡದ ಮಗು ಬರೆಯುವಾಗಲೂ ಬೇರೆ ಮಾಡುವುದಿಲ್ಲ. ಇಂಥ ಮಗುವಿಗೆ ಬೇಕಾದದ್ದು ಕಥೆ, ಮಾತು, ಸಮಯ. ಅದರ ಹಣೆಗೆ ರೋಗದ ಹೆಸರು ಅಂಟಿಸಿದರೆ ಪಾಪ.

ಇನ್ನು ಕೆಲವು ಮಕ್ಕಳಿಗೆ ಕಣ್ಣು ಮಂಜು. ಕೆಲವಕ್ಕೆ ಕಿವಿ ಸೋರಿ ಸೋರಿ ಕೇಳುವುದೇ ಅರ್ಧವಾಗಿರುತ್ತದೆ. 'ಪ' ಎಂದರೂ 'ಬ' ಎಂದರೂ ಒಂದೇ. ರಕ್ತ ಕಡಿಮೆಯಿರುವ ಹುಡುಗಿ ಎರಡನೇ ಪಿರಿಯಡ್ಡಿಗೇ ತೂಕಡಿಸುತ್ತಾಳೆ. ಆದ್ದರಿಂದ ಮಗು ಸೇರಿದ ಮೊದಲ ತಿಂಗಳಲ್ಲೇ ಕಣ್ಣು, ಕಿವಿ, ರಕ್ತ ಈ ಮೂರೂ ಪರೀಕ್ಷೆಯಾಗಲಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗಳಿಗೇ ಬರುತ್ತದೆ, ಅವರು ಬರುವ ದಿನ ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದುಕೋ. ಒಂದು ಕನ್ನಡಕ ಹಾಕಿದ ಮೇಲೆ ನೆಟ್ಟಗಾದ 'ದಡ್ಡ'ರನ್ನು ನಾನು ಕಂಡಿದ್ದೇನೆ.

ಇದೆಲ್ಲ ಸರಿಯಾಗಿದ್ದು, ದಿನಾ ಶಾಲೆಗೆ ಬಂದು, ಬಾಯಿಮಾತಿನಲ್ಲಿ ಚುರುಕಾಗಿದ್ದು, ಆದರೂ ಮೂರನೆಯ ನಾಲ್ಕನೆಯ ತರಗತಿಯಲ್ಲಿ ಅಕ್ಷರ ಕಂಡರೆ ತಡವರಿಸುವ ಮಗು ಉಳಿಯುತ್ತದೆ. ಅದೇ ನಿನಗೆ ಬೇಕಾದ ಮಗು. ಅದರ ಅಪ್ಪನಿಗೋ ಸೋದರಮಾವನಿಗೋ ಹೀಗೇ ಇತ್ತೇ ಎಂದು ಕೇಳು. ಇದು ಮನೆತನದಲ್ಲಿ ಇಳಿದು ಬರುವುದುಂಟು. ತಾಯಿಯ ತಪ್ಪಿನಿಂದ ಬಂದದ್ದಲ್ಲ, ಸೋಮಾರಿತನವಲ್ಲ, ಬುದ್ಧಿ ಕಡಿಮೆಯೂ ಅಲ್ಲ ಎಂದು ಆ ತಾಯಿಗೆ ಬಿಡಿಸಿ ಹೇಳು. ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸಿದ್ದರೆ ಅದನ್ನು ಹಳಿಯಬೇಡ. ಕಟ್ಟಿರಲಿ, ಪಾಠವೂ ನಡೆಯಲಿ. ಬುದ್ಧಿ ಬೆಳೆಯುವ ಟಾನಿಕ್ಕು ಎಂದು ಸಾವಿರಗಟ್ಟಲೆ ಸುರಿಯುವುದನ್ನು ಮಾತ್ರ ಕೈಹಿಡಿದು ನಿಲ್ಲಿಸು.

ಕಲಿಸುವ ಬಗೆಯ ಬಗ್ಗೆ ನಿನಗೆ ತರಬೇತಿ ಸಿಕ್ಕಿದೆ, ನಿಜ. ಆದರೆ ಆ ತರಬೇತಿಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಓದುವ ಮಗುವನ್ನು ಎದುರಿಗಿಟ್ಟುಕೊಂಡು ಬರೆದವು. ಕನ್ನಡ ಲಿಪಿಯ ಕಷ್ಟವೇ ಬೇರೆ. ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಉಚ್ಚಾರ ನಂಬುವಂತಿಲ್ಲ. ಕನ್ನಡದಲ್ಲಿ ಉಚ್ಚಾರ ನಂಬಬಹುದು, ಆದರೆ ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪ, ಅದರ ಮೇಲೆ ಒತ್ತಕ್ಷರ. ಪ, ಷ, ಫ ಇವುಗಳ ನಡುವೆ ಒಂದು ಗೆರೆ, ಒಂದು ಕೊಂಡಿಯ ಅಂತರ. ದ, ಧ, ಥ ನೋಡು. ಬ, ಭ ನೋಡು. 'ಸೂರ್ಯ' ಎನ್ನುವಾಗ ಕಿವಿಗೆ ಮೊದಲು ಬೀಳುವುದು ರಕಾರ, ಹಾಳೆಯಲ್ಲಿ ಅದು ಅರ್ಕಾವತ್ತಾಗಿ ಯಕಾರದ ನಂತರ ನಿಲ್ಲುತ್ತದೆ. ಕೇಳಿದ ಕ್ರಮ ಬೇರೆ, ಬರೆದ ಕ್ರಮ ಬೇರೆ. ಸೊನಾಲಿ ನಾಗ್ ಅವರು ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಾತು ಸ್ಪಷ್ಟವಾಯಿತು: ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಸಾಮಾನ್ಯ ಮಕ್ಕಳಿಗೇ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ. ಒಂದನೆಯ ತರಗತಿಯ ಕೊನೆಗೆ ಎಲ್ಲ ಬರಬೇಕೆಂದು ಹಟ ಹಿಡಿಯುವ ಖಾಸಗಿ ಶಾಲೆಗಳಿಗೂ ತಂದೆತಾಯಿಯರಿಗೂ ಈ ಸಂಗತಿ ಹೇಳು.

ಆದ್ದರಿಂದ ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೊರಡಬೇಡ. ನಲಿಕಲಿಯವರು ರ, ಗ, ಸ, ದ, ಅ ಎಂಬ ಐದರಿಂದ ಶುರುಮಾಡಿದ್ದರಲ್ಲಿ ಅರ್ಥವಿದೆ. ಈ ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಂದು ಮಗು ಮೊದಲ ವಾರಗಳಲ್ಲೇ ಪದ ಓದುತ್ತದೆ. 'ನನಗೆ ಓದಲು ಬಂತು' ಎಂಬ ಭಾವ ಆ ಮಗುವಿಗೆ ಬೇರೆ ಯಾವ ಬಹುಮಾನಕ್ಕಿಂತಲೂ ದೊಡ್ಡದು. ನಿನ್ನ ಮಕ್ಕಳಿಗೆ ಒಂದೊಂದು ಮೆಟ್ಟಿಲಲ್ಲೂ ಮೂರು ಪಟ್ಟು ಸಮಯ ಕೊಡು. ಒಂದೇ ತರಹ ಕಾಣುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬೇಡ. 'ಪ' ಗಟ್ಟಿಯಾದ ಮೇಲೆ ತಿಂಗಳು ಬಿಟ್ಟು 'ಷ' ತಾ. ಉಸುಕಿನ ಮೇಲೆ ಬೆರಳಿನಿಂದ ಬರೆಸು, ಬರೆಯುತ್ತ ಬಾಯಿಬಿಟ್ಟು ಹೇಳಿಸು, ಮಣ್ಣಿನಲ್ಲಿ ಅಕ್ಷರದ ಆಕಾರ ಮಾಡಿಸು. 1930ರ ದಶಕದಲ್ಲಿ ಅಮೆರಿಕದ ಆರ್ಟನ್, ಗಿಲಿಂಗ್‌ಹ್ಯಾಮ್ ಇಬ್ಬರೂ ಕಣ್ಣು, ಕಿವಿ, ಕೈ ಮೂರನ್ನೂ ಸೇರಿಸಿ ಕಲಿಸುವ ಕ್ರಮ ರೂಪಿಸಿದರು, ಇವತ್ತಿಗೂ ಡಿಸ್ಲೆಕ್ಸಿಯಾ ಪಾಠದ ಹಲವು ಕ್ರಮಗಳಿಗೆ ಅದೇ ತಳಹದಿ. ನಮ್ಮ ಗಾಂವಟಿ ಸಾಲಿಗಳಲ್ಲೂ ಮಕ್ಕಳು ಉಸುಕಿನ ಮೇಲೆ ಬೆರಳಾಡಿಸಿಯೇ ಅಕ್ಷರ ತಿದ್ದುತ್ತಿದ್ದರು. ಅಜ್ಜಂದಿರಿಗೆ ಈ ಪಾಠ ಹೊಸದೆನಿಸುವುದಿಲ್ಲ, ಅವರನ್ನೂ ಕರೆದು ಕೂರಿಸು.

ಒಂದು ಲಿಪಿ ಗಟ್ಟಿಯಾಗುವವರೆಗೆ ಇನ್ನೊಂದನ್ನು ಹೇರಬೇಡ. ಮಗು ಓದುತ್ತಿಲ್ಲವೆಂದು ಕಂಗಾಲಾದ ಅಪ್ಪ ಅದನ್ನು ರಾಯಚೂರಿನ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾನೆ. ಕನ್ನಡವೇ ತೊಡಕಾಗಿದ್ದ ಮಗು ಈಗ ಎರಡು ಲಿಪಿಯ ನಡುವೆ ಸಿಕ್ಕಿಬೀಳುತ್ತದೆ, ಮುಂದೆ ಹಿಂದಿಯೂ ಬರುತ್ತದೆ. ಹಾಗೆ ಮಾಡಬೇಡಿ ಎಂದು ಧೈರ್ಯವಾಗಿ ಹೇಳು. ಇಂಗ್ಲಿಷನ್ನು ಕಿವಿ ಬಾಯಿಗಳಿಂದ ಕಲಿಯಲಿ, ಬರಹ ಆಮೇಲೆ ಬರಲಿ.

ಕಿವಿಯ ದಾರಿಯನ್ನು ನಮ್ಮ ನೆಲ ಎಂದೂ ಕಡೆಗಣಿಸಿಲ್ಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಇವರ ಪದಗಳು ಓದು ಬಾರದ ತಾಯಂದಿರ ಬಾಯಲ್ಲಿ ಶತಮಾನಗಳ ಕಾಲ ಉಳಿದು ಬಂದಿವೆ. ಮೊಹರಂ ಪದವನ್ನು ತಪ್ಪಿಲ್ಲದೆ ಹಾಡುವ ಹುಡುಗ ಪಾಠದ ಮೂರು ಸಾಲು ಓದಲಾರದೆ ಬೆವರುತ್ತಾನೆ. ಅವನ ನೆನಪಿಗೆ ಏನೂ ಆಗಿಲ್ಲ, ತೊಡಕಿರುವುದು ಅಕ್ಷರದ ಬಾಗಿಲಲ್ಲಿ ಮಾತ್ರ. ಸಮಾಜ, ವಿಜ್ಞಾನದ ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳು, ಫೋನಿನಲ್ಲಿ ದನಿ ಮುದ್ರಿಸಿ ಕೊಡು, ಉತ್ತರವನ್ನು ಬಾಯಲ್ಲಿ ಕೇಳು. ಓದು ನಿಧಾನವೆಂದು ತಿಳಿವಳಿಕೆಯೂ ಹಿಂದೆ ಬೀಳಬಾರದು. ಲೆಕ್ಕದ ಕಥೆಯೂ ಹೀಗೇ. ಸಂತೆಯಲ್ಲಿ ಚಿಲ್ಲರೆ ಸರಿಯಾಗಿ ಎಣಿಸಿ ಕೊಡುವ ಹುಡುಗಿ ಹಾಳೆಯ ಮೇಲಿನ ಕಳೆಯುವ ಲೆಕ್ಕ ಕಂಡು ಅಳುತ್ತಾಳೆ; ಸಂತೆಯ ಲೆಕ್ಕದಿಂದಲೇ ಅವಳನ್ನು ಹಾಳೆಗೆ ಕರೆತಾ.

ಕಾಗದಪತ್ರದ ಕೆಲಸ ನಿನಗೆ ಬೇಸರ ತರುವುದೆಂದು ಬಲ್ಲೆ. ಆದರೆ ಬಡವರ ಮಗುವಿಗೆ ಕಾಗದವೇ ಬಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯೂ ಸೇರಿತು. ಅಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಾಲೆಗಳ ಹೊಣೆ ಎಂದು ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸು. ರಾಯಚೂರಿನ ರಿಮ್ಸ್‌ನಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗಗಳನ್ನು ಮೊದಲು ಕೇಳು. ಅಲ್ಲಿ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸು, ನ್ಯೂನತೆ ಶೇ 40ಕ್ಕೆ ಮುಟ್ಟಿದರೆ ಸವಲತ್ತುಗಳೂ ಸಿಗುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡಲು ಸಹಾಯಕ ಪಡೆಯಬಹುದು. ಇದಕ್ಕೆ ಹತ್ತನೆಯ ತರಗತಿಯ ಮಾರ್ಚಿನಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಎಂಟನೆಯ ತರಗತಿಯಲ್ಲೇ ಕಡತ ಸಿದ್ಧವಿರಲಿ. ಎಸ್ಸೆಸ್ಸೆಲ್ಸಿ ದಾಟಲಾರೆ ಎನ್ನುವ ಮಗುವಿಗೆ ಮುಕ್ತ ಶಾಲೆಯ ದಾರಿಯುಂಟು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಐದು ವರ್ಷದ ಅವಧಿಯಲ್ಲಿ ಒಂದೊಂದೇ ವಿಷಯ ಕಟ್ಟಿ ಮುಗಿಸಬಹುದು, ಕರ್ನಾಟಕ ಮುಕ್ತ ಶಾಲೆಯೂ ಇದೆ. ಅದು ಸೋತವರ ದಾರಿಯೆಂದು ಯಾರಾದರೂ ಹೇಳಿದರೆ ಒಪ್ಪಬೇಡ.

ತಂದೆತಾಯಿಯರಿಗೆ ದೊಡ್ಡ ಮಾತು ಕೊಡಬೇಡ. 2007ರಲ್ಲಿ 'ತಾರೇ ಜಮೀನ್ ಪರ್' ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಹೆಸರು ಮನೆಮನೆಗೆ ಗೊತ್ತಾಯಿತು, ಅದು ಒಳ್ಳೆಯದೇ. ಆದರೆ ಆ ಚಿತ್ರ ನೋಡಿದವರು ಒಬ್ಬ ಒಳ್ಳೆಯ ಮೇಷ್ಟ್ರು ಬಂದರೆ ಕೆಲವೇ ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ, ಇಂಥ ಪ್ರತಿ ಮಗುವಿನಲ್ಲೂ ಒಬ್ಬ ಚಿತ್ರಗಾರ ಅಡಗಿದ್ದಾನೆ ಎಂದುಕೊಂಡಿದ್ದಾರೆ. ವರ್ಷಗಟ್ಟಲೆ ಹಿಡಿಯುತ್ತದೆ, ಎಷ್ಟೇ ಕಲಿತರೂ ಓದು ಕೊಂಚ ನಿಧಾನವಾಗಿಯೇ ಉಳಿಯಬಹುದು. ಮಗುವಿಗೆ ಚಿತ್ರ ಬಾರದಿರಬಹುದು, ಹಾಡು ಬಾರದಿರಬಹುದು. ಯಾವ ವಿಶೇಷ ಪ್ರತಿಭೆಯೂ ಇಲ್ಲದ ಸಾಧಾರಣ ಮಗುವಿಗೂ ಬಸ್ಸಿನ ಬೋರ್ಡು ಓದುವ, ಪಹಣಿ ಓದುವ, ತನ್ನ ಸಹಿ ಎಲ್ಲಿ ಹಾಕುತ್ತಿದ್ದೇನೆಂದು ತಿಳಿಯುವ ಹಕ್ಕಿದೆ. ಆ ಹಕ್ಕಿಗಾಗಿಯೇ ನಿನ್ನ ಶಾಲೆ.

ಮಕ್ಕಳ ಸಂಖ್ಯೆ ಹತ್ತು ಹನ್ನೆರಡಕ್ಕೆ ನಿಲ್ಲಲಿ. ಕೇಂದ್ರ ಸರ್ಕಾರವೇ 2022ರ ಅಧಿಸೂಚನೆಯಲ್ಲಿ ಪ್ರಾಥಮಿಕ ತರಗತಿಗಳಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಬೇಕೆಂದು ಹೇಳಿದೆ. ನಿಮ್ಮ ಮೂವರಲ್ಲಿ ಒಬ್ಬರಾದರೂ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ವಿಶೇಷ ಶಿಕ್ಷಣದ ಕೋರ್ಸು ಮುಗಿಸಿ ನೋಂದಣಿ ಪಡೆದಿರಬೇಕು. ಫೀಸು ತೆಗೆದುಕೊಂಡರೆ ರಸೀದಿ ಕೊಡು, ದೇಣಿಗೆ ಬಂದರೆ ಗೋಡೆಯ ಮೇಲೆ ಬರೆ. ಹಣ ಕೊಟ್ಟವರು ಮಕ್ಕಳ ಫೋಟೊ ಕೇಳುತ್ತಾರೆ, ಕೊಡಬೇಡ. ಆ ಮಕ್ಕಳು ನಾಳೆ ಅದೇ ಊರಿನಲ್ಲಿ ಬಾಳಬೇಕು.

ಗುಳೆಯ ಕಾಲಕ್ಕೂ ಒಂದು ಏರ್ಪಾಡು ಯೋಚಿಸಿಟ್ಟುಕೋ. ಊರಲ್ಲಿ ಅಜ್ಜಿ ಇದ್ದರೆ ಮಗುವನ್ನು ಅವಳ ಹತ್ತಿರ ಬಿಟ್ಟುಹೋಗಲು ತಾಯಿಯ ಮನವೊಲಿಸು. ಬಿಟ್ಟುಹೋಗಲು ಆಗದಿದ್ದರೆ ಮಗುವಿನ ಕೈಗೆ ಅದರದೇ ಕಾರ್ಡುಗಳ ಚೀಲ ಕೊಡು, ವಾರಕ್ಕೊಮ್ಮೆ ಫೋನಿನಲ್ಲಿ ಓದಿಸು. ಎರಡು ಸಾಲು ಓದಿದರೂ ಸಾಕು, ನಂಟು ಕಡಿಯಬಾರದು.

ಕಟ್ಟಡ ಹುಡುಕುವ ಮೊದಲು ಮಾಡಬೇಕಾದ ಕೆಲಸ ಇಷ್ಟು. ದೇವದುರ್ಗದ, ಮಾನ್ವಿಯ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೆ ಹೋಗು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕಾಣು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ ಯಾರೆಂದು ಕೇಳಿ ಅವರ ಜೊತೆ ನಾಲ್ಕು ಹಳ್ಳಿ ತಿರುಗು. ಆ ಹಳ್ಳಿಗಳ ಶಾಲೆಗಳಿಗೆ ಹೋಗಿ ಮೂರು, ನಾಲ್ಕನೆಯ ತರಗತಿಯ ಶಿಕ್ಷಕಿಯರ ಜೊತೆ ಕೂತು, ಅವರು ಯಾವ ಮಗುವಿನ ಆಸೆ ಬಿಟ್ಟಿದ್ದಾರೋ ಆ ಮಗುವಿನ ಹೆಸರು ಬರೆದುಕೋ. ಜೂನಿಗೆ ಶಾಲೆಗಳು ತೆರೆಯುವ ಹೊತ್ತಿಗೆ ಆ ಪಟ್ಟಿ ನಿನ್ನ ಕೈಯಲ್ಲಿರಲಿ. ಪಟ್ಟಿಯೊಡನೆ ಮನೆಗೆ ಬಾ, ಯಾವ ಮಗುವಿನಿಂದ ಶುರುಮಾಡಬೇಕೆಂದು ಇಬ್ಬರೂ ಕೂತು ನೋಡೋಣ.